ಫ್ರಾನ್ಸ್ವಾ ಪಿರಾರ್ ಕಂಡ ಗೋವೆಯ ಆಸ್ಪತ್ರೆ

ಪ್ರವಾಸಿಗಳ ಬರಹಗಳಲ್ಲಿ ನಾವು ಅರಮನೆ, ಕೋಟೆ, ಪೇಟೆಗಳ ವರ್ಣನೆಯನ್ನು ಓದುತ್ತೇವೆ. ಆದರೆ ಗೋವೆಯ ಆಸ್ಪತ್ರೆಯೊಂದರಲ್ಲಿ ರೋಗಿಯಾಗಿ ಮಲಗಿ, ಅದನ್ನು ಕಂಡಂತೆ ಬರೆದಿಟ್ಟ ಪ್ರವಾಸಿಯೊಬ್ಬನಿದ್ದಾನೆ. ಆತನೇ ಫ್ರಾನ್ಸ್ ದೇಶದ ಫ್ರಾನ್ಸ್ವಾ ಪಿರಾರ್.

ಪಿರಾರನ ಊರು ಲಾವಾಲ್. ಆತ 1601ರಲ್ಲಿ ಸೇಂಟ್ ಮಾಲೋ ಬಂದರಿನಲ್ಲಿ ಹಡಗು ಹತ್ತಿದ. ಮರುವರ್ಷ ಮಾಲ್ದೀವ್ ದ್ವೀಪಗಳ ಬಳಿ ಹಡಗು ಒಡೆಯಿತು. ಅಲ್ಲಿ ಸುಮಾರು ಐದು ವರ್ಷ ಸೆರೆಯಾಳಾಗಿದ್ದು, ಆ ನಾಡಿನ ಭಾಷೆಯನ್ನೂ ಕಲಿತ. 1607ರಲ್ಲಿ ಬಿಡುಗಡೆ ಹೊಂದಿ, ಬಂಗಾಳದ ಮೂಲಕ ಕಲ್ಲಿಕೋಟೆಗೆ ಬಂದ. ಆದರೆ ಪೋರ್ಚುಗೀಸರು ಅವನನ್ನು ಹಿಡಿದು ಕೊಚ್ಚಿಯ ಸೆರೆಮನೆಗೆ ತಳ್ಳಿದರು. 1608ರಲ್ಲಿ ಗೋವೆಯನ್ನು ಮುಟ್ಟುವಾಗ ಅವನು ಕಾಯಿಲೆಯಿಂದ ಬಳಲಿ ಬೆಂಡಾಗಿದ್ದ.

ಮಾಂಡವಿ ನದಿಯ ದಡದಲ್ಲಿ ಪೋರ್ಚುಗಲ್ ದೊರೆಯ ಹೆಸರಿನ ದೊಡ್ಡ ಆಸ್ಪತ್ರೆಯಿತ್ತು. ಹಡಗುಗಳಲ್ಲಿ ಬಂದ ಸಿಪಾಯಿಗಳಿಗೂ ನಾವಿಕರಿಗೂ ಅಲ್ಲಿ ಚಿಕಿತ್ಸೆ ದೊರೆಯುತ್ತಿತ್ತು. ಆಗ ಅದರ ಆಡಳಿತ ಜೆಸ್ವಿಟ್ ಪಾದ್ರಿಗಳ ಕೈಯಲ್ಲಿತ್ತು. ವೈದ್ಯರು ದಿನಕ್ಕೆ ಎರಡು ಸಲ ರೋಗಿಗಳನ್ನು ನೋಡಲೇಬೇಕೆಂಬ ಕಟ್ಟುಪಾಡಿತ್ತು. ಹಾಸಿಗೆಯ ಬಟ್ಟೆಗಳನ್ನು ತಪ್ಪದೆ ಬದಲಿಸುತ್ತಿದ್ದರು. ಊಟವನ್ನು ಬೆಳ್ಳಿಯ ತಟ್ಟೆಗಳಲ್ಲಿ ಕೊಡುತ್ತಿದ್ದರು. ಪರದೇಶದ ಸೆರೆಯಾಳೆಂದು ಪಿರಾರನನ್ನು ಕಡೆಗಣಿಸಲಿಲ್ಲ. ಅವನು ಗುಣಹೊಂದಿದ. ಲೋಕದಲ್ಲಿ ಇದಕ್ಕಿಂತ ಉತ್ತಮ ಆಸ್ಪತ್ರೆ ಇರಲಾರದೆಂದು ಅವನಿಗೆ ತೋರಿತು. 1610ರಲ್ಲಿ ಗೋವೆಯನ್ನು ಬಿಟ್ಟು, ಮರುವರ್ಷ ತನ್ನೂರನ್ನು ಸೇರಿದ. ಅದೇ ವರ್ಷ ಅವನ ಪ್ರವಾಸದ ಕಥೆ ಅಚ್ಚಾಯಿತು.

ಈ ಕಥೆಗೆ ಇನ್ನೊಂದು ಮುಖವೂ ಉಂಟು. ಫ್ರಾನ್ಸಿನವನೇ ಆದ ವಜ್ರದ ವ್ಯಾಪಾರಿ ತಾವೆರ್ನಿಯೆ 1641ರಲ್ಲಿಯೂ 1648ರಲ್ಲಿಯೂ ಗೋವೆಗೆ ಬಂದ. ಮೊದಲ ಸಲ ಬಂದಾಗ ಆಸ್ಪತ್ರೆ ಚೆನ್ನಾಗಿಯೇ ಇತ್ತು. ಅನಂತರ ಆಡಳಿತ ಕೈ ಬದಲಾಯಿಸಿತೆಂದೂ, ರೋಗಿಗಳ ಆರೈಕೆ ಕೆಟ್ಟು, ಒಳಹೋದ ಅನೇಕರು ಹೆಣವಾಗಿ ಹೊರಬಂದರೆಂದೂ ಅವನು ಬರೆದಿದ್ದಾನೆ. ಬಾಯಾರಿದ ರೋಗಿಗೆ ಒಂದು ಗುಟುಕು ನೀರು ಬೇಕಾದರೂ ಆಳುಗಳ ಕೈ ಬಿಸಿ ಮಾಡಬೇಕಿತ್ತಂತೆ!

ಆ ಕಾಲದ ವೈದ್ಯವಿದ್ಯೆ ಈ ನಲವತ್ತು ವರ್ಷಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಮೈಯ ರಕ್ತ ತೆಗೆಯುವುದೇ ಆ ಕಾಲದುದ್ದಕ್ಕೂ ಮುಖ್ಯ ಚಿಕಿತ್ಸೆಯಾಗಿತ್ತು. ಬದಲಾದುದು ಮೇಲ್ವಿಚಾರಣೆ. ವೈದ್ಯರು ಹೊತ್ತಿಗೆ ಸರಿಯಾಗಿ ಬಂದರೇ, ಆಳು ನೀರು ಕೊಟ್ಟನೇ ಎಂದು ವಿಚಾರಿಸುವ ಹಿರಿಯರಿದ್ದಾಗ ರೋಗಿ ಬದುಕಿದ. ಕೇಳುವವರಿಲ್ಲದಾಗ ಅದೇ ಆಸ್ಪತ್ರೆಯಲ್ಲಿ ಸತ್ತ. ಯಾವುದೇ ಸಂಸ್ಥೆಯ ಹೊಣೆ ಹೊತ್ತಾಗ ನಾವು ನೆನಪಿಡಬೇಕಾದ ಪಾಠವಿದು.