ತರಂಗವಿದ್ಯೆಯ ವಿದುಷಿ ಡಾ. ರಾಜೇಶ್ವರಿ ಚಟರ್ಜಿ

ಚಿನ್ನದ ಗುಣವನ್ನರಿಯಲು ಒರೆಗಲ್ಲು ಬೇಕು. ಆ ಕಲ್ಲಿಗೇ ಜಿಡ್ಡು ಹತ್ತಿದ್ದರೆ ದೋಷವು ಚಿನ್ನದ್ದೋ ಕಲ್ಲಿನದೋ ಎಂಬುದು ತಿಳಿಯದು. ವಿದ್ಯುನ್ಮಾನ ಮಂಡಲಗಳ ಪರೀಕ್ಷೆಗೂ ಇದೇ ನ್ಯಾಯವು ಅನ್ವಯಿಸುತ್ತದೆ. ಪರೀಕ್ಷಿಸಬೇಕಾದ ಮಂಡಲಕ್ಕೆ ಶುದ್ಧವೂ ಸ್ಥಿರವೂ ಆದ ಸಂಕೇತವನ್ನು ಕೊಟ್ಟು, ಅದರಿಂದ ಹೊರಬರುವುದನ್ನು ಅಳೆಯಬೇಕು. ಈ ಅಳತೆಯ ಶಿಸ್ತನ್ನು ಅಭ್ಯಸಿಸಿ, ಕನ್ನಡ ನಾಡಿನಲ್ಲಿ ಮೈಕ್ರೋವೇವ್ ವಿದ್ಯೆಗೆ ನೆಲೆ ಕಲ್ಪಿಸಿದವರಲ್ಲಿ ಡಾ. ರಾಜೇಶ್ವರಿ ಚಟರ್ಜಿಯವರು ಪ್ರಾತಃಸ್ಮರಣೀಯರು.

ಇವರು 1922ನೆಯ ಇಸವಿ ಜನವರಿ 24ರಂದು ಜನಿಸಿದರು. ಅಜ್ಜಿ ಕಮಲಮ್ಮ ದಾಸಪ್ಪನವರು ಹಿಂದಿನ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲೊಬ್ಬರು. ವಿಧವೆಯರ ಹಾಗೂ ಪರಿತ್ಯಕ್ತೆಯರ ವಿದ್ಯಾಭ್ಯಾಸಕ್ಕಾಗಿ ಶ್ರಮಿಸಿದವರು. ಹೆಣ್ಣುಮಕ್ಕಳಿಗೆ ಅಕ್ಷರಜ್ಞಾನವೇ ದುರ್ಲಭವಾಗಿದ್ದ ಆ ಕಾಲದಲ್ಲಿ ಮೊಮ್ಮಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತಶಾಸ್ತ್ರದ ಎಂ.ಎಸ್‌ಸಿ. ಪದವಿಯನ್ನು ಪಡೆದು, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದುದು ಆ ಶ್ರಮದ ಸತ್ಫಲವೇ ಸರಿ.

1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಹಡಗನ್ನೇರಿ ಅಮೆರಿಕೆಗೆ ತೆರಳಿದರು. ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದ ತರುವಾಯ, ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ 8 ತಿಂಗಳ ಕಾಲ ರೇಡಿಯೋ ಆವೃತ್ತಿಗಳ ಮಾಪನದಲ್ಲಿ ತರಬೇತಿ ಹೊಂದಿದರು. ಆ ಬಳಿಕ ಬಾರ್ಬರ್ ವಿದ್ಯಾರ್ಥಿವೇತನದೊಡನೆ ಮಿಷಿಗನ್ನಿಗೆ ಮರಳಿ, ಪ್ರೊ. ವಿಲಿಯಂ ಡೌ ಅವರ ಮಾರ್ಗದರ್ಶನದಲ್ಲಿ 1953ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ಸ್ವದೇಶಕ್ಕೆ ಹಿಂದಿರುಗಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು; ಸಹೋದ್ಯೋಗಿ ಶಿಶಿರ ಕುಮಾರ ಚಟರ್ಜಿಯವರ ಕೈಹಿಡಿದರು. ದಂಪತಿಗಳಿಬ್ಬರೂ ಕೂಡಿ ಕಟ್ಟಿದ ಮೈಕ್ರೋವೇವ್ ಸಂಶೋಧನಾಲಯವು ದೇಶದ ಮೊದಮೊದಲ ಅಂಥ ಪ್ರಯೋಗಾಲಯಗಳಲ್ಲಿ ಒಂದೆನಿಸಿತು.

ಈ ವಿದ್ಯೆಯಲ್ಲಿ ಸಂಕೇತದ ಶುದ್ಧಿಯು ಸುಲಭಸಾಧ್ಯವಲ್ಲ. ಆ ದಿನಗಳ ಪ್ರಯೋಗಾಲಯಗಳಲ್ಲಿ ಕ್ಲೈಸ್ಟ್ರಾನ್ ಎಂಬ ನಿರ್ವಾತ ನಳಿಕೆಯು ತರಂಗಗಳ ಮೂಲವಾಗಿತ್ತು. ಅದಕ್ಕೊದಗುವ ವೋಲ್ಟೇಜು ಕಿಂಚಿತ್ ಏರುಪೇರಾದರೂ ಆವೃತ್ತಿಯು ಜಾರುತ್ತದೆ. ಆದುದರಿಂದ ವೋಲ್ಟೇಜನ್ನು ಸ್ಥಿರವಾಗಿಡಬೇಕು. ಆಂಟೆನಾದಿಂದ ಪ್ರತಿಫಲಿಸಿ ಬಂದ ತರಂಗವು ಮೂಲವನ್ನೇ ಕದಲಿಸುತ್ತದೆ. ಆದುದರಿಂದ ನಡುವೆ ಅದನ್ನು ಕ್ಷೀಣಗೊಳಿಸುವ ಸಾಧನವನ್ನಿರಿಸಬೇಕು. ಆವೃತ್ತಿಮಾಪಕದಿಂದ ಮತ್ತೆ ಮತ್ತೆ ತಾಳೆ ನೋಡಬೇಕು. ಇಷ್ಟು ಎಚ್ಚರವಿದ್ದಲ್ಲಿ ಮಾತ್ರ ಕಂಡ ದೋಷವು ಪರೀಕ್ಷಿತ ವಸ್ತುವಿನದೆಂದು ಧೈರ್ಯವಾಗಿ ಹೇಳಬಹುದು.

ಆಂಟೆನಾಗಳನ್ನು ಕುರಿತು ರಾಜೇಶ್ವರಿಯವರು ನಡೆಸಿದ ಸಂಶೋಧನೆಯು ಇಂತಹ ಮಾಪನನಿಷ್ಠೆಯನ್ನು ಬೇಡುವಂಥದು. ನೂರಕ್ಕೂ ಮಿಕ್ಕಿದ ಪ್ರಬಂಧಗಳನ್ನು ಪ್ರಕಟಿಸಿ, 20 ಮಂದಿ ಡಾಕ್ಟರೇಟ್ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾಗಿ, ವಿದ್ಯುತ್ ಸಂಪರ್ಕ ವಿಭಾಗದ ಮುಖ್ಯಸ್ಥೆಯಾಗಿ ಸೇವೆ ಸಲ್ಲಿಸಿ 1982ರಲ್ಲಿ ನಿವೃತ್ತರಾದರು. ಮೈಕ್ರೋವೇವ್ ಹಾಗೂ ಆಂಟೆನಾ ವಿಷಯಗಳಲ್ಲಿ ಪಠ್ಯಗ್ರಂಥಗಳನ್ನು ರಚಿಸಿದರು. 1994ರಲ್ಲಿ ಪತಿವಿಯೋಗವಾಯಿತು. ವಿಶ್ರಾಂತ ಜೀವನದಲ್ಲಿ ಅಜ್ಜಿಯ ದಾರಿಯನ್ನೇ ಹಿಡಿದು ಸ್ತ್ರೀಯರ ಏಳಿಗೆಗಾಗಿ ದುಡಿದು, 2010ರ ಸೆಪ್ಟೆಂಬರ್ 3ರಂದು ದಿವಂಗತರಾದರು.

ಬಳ್ಳಾರಿ ನಗರವಾಗಲಿ, ಸಿರುಗುಪ್ಪ ಕುರುಗೋಡುಗಳಾಗಲಿ, ಗಣಿತದಲ್ಲಿ ಚುರುಕಾದ ಹೆಣ್ಣುಮಕ್ಕಳಿಗೆ ಎಂದೂ ಬಡವಾದ ಊರುಗಳಲ್ಲ. ಮಗಳ ಓದನ್ನು ಹತ್ತನೆಯ ತರಗತಿಗೇ ನಿಲ್ಲಿಸಲು ಯೋಚಿಸುವ ತಂದೆತಾಯಿಗಳಿಗೆ ಈ ಚರಿತ್ರೆಯನ್ನು ತಿಳಿಸುವ ಹೊಣೆ ಉಪಾಧ್ಯಾಯರದು. ಅಂಥವಳ ಮುಂದಿನ ಓದಿಗೆ ಒತ್ತಾಸೆಯಾಗುವ ಪುಣ್ಯ ದಾನಿಗಳದು. ಒಬ್ಬ ಅಜ್ಜಿ ಹಚ್ಚಿದ ದೀಪವು ಎಷ್ಟು ದೂರ ಬೆಳಕು ಬೀರಬಲ್ಲುದೆಂಬುದಕ್ಕೆ ರಾಜೇಶ್ವರಿಯವರ ಬಾಳೇ ಸಾಕ್ಷಿ.