ಎರಡು ಪೈಸೆಯ ಧರ್ಮ: ಕುದ್ಮುಲ್ ರಂಗರಾಯರ ಜೀವನ

ಕೃಷ್ಣಾ ನದಿಯ ದಡದ ಇಬ್ರಾಹಿಂಪಟ್ನಂನಲ್ಲಿ, ವಿಜಯವಾಡದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಬೆಳಗಿನ ಜಾವಕ್ಕೆ ಒಲೆ ಹೊತ್ತಿಸಿ ರಾತ್ರಿ ಗಲ್ಲಾ ಮುಚ್ಚುವವರೆಗೆ ದುಡಿಯುವ ನಮ್ಮವರೊಡನೆ ಧರ್ಮಕಾರ್ಯದ ಮಾತನ್ನೆತ್ತಿದಾಗಲೆಲ್ಲ ನಾವು ಒಂದೇ ಬಗೆಯ ಉತ್ತರವನ್ನು ಕೇಳುತ್ತೇವೆ. ದಾನವೆಂಬುದು ಶ್ರೀಮಂತರಿಗೆ ಸಲ್ಲುವ ವಿಷಯ, ಊರಿಗೆ ಹಣ ಕಳುಹಿಸಿ ಕೈಯಲ್ಲುಳಿದ ಚಿಲ್ಲರೆಯಿಂದ ಯಾರ ಕಷ್ಟ ನೀಗೀತು ಎಂಬುದೇ ಆ ಉತ್ತರ. ಈ ಸಂದೇಹ ನ್ಯಾಯವಾದುದೇ. ಆದರೆ ಚಿಲ್ಲರೆ ಕಾಸಿನಿಂದ ಏನಾಗಬಲ್ಲದೆಂಬುದನ್ನು ತನ್ನ ಬಾಳಿನಲ್ಲಿಯೇ ತೋರಿಸಿಕೊಟ್ಟ ಮಹನೀಯರೊಬ್ಬರು ನಮ್ಮ ಕರಾವಳಿಯಲ್ಲಿಯೇ ಆಗಿಹೋಗಿದ್ದಾರೆ. ಅವರೇ ಕುದ್ಮುಲ್ ರಂಗರಾಯರು.

ರಂಗರಾಯರು ಕಾಸರಗೋಡಿನ ಕುದ್ಮುಲ್ ಎಂಬಲ್ಲಿ 1859ನೆಯ ಜೂನ್ 29ರಂದು ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ತಂದೆಯನ್ನು ಕಳೆದುಕೊಂಡ ಬಳಿಕ, ಇನ್ನೂ ಹದಿನಾರರ ಹುಡುಗನಾಗಿರುವಾಗಲೇ ಜೀವನೋಪಾಯವನ್ನರಸಿ ಮಂಗಳೂರಿಗೆ ಬಂದರು. ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟು ಬಂದ ನಮ್ಮ ವಾಚಕರಲ್ಲನೇಕರಿಗೆ ಆ ದಿನಗಳು ಹೇಗಿದ್ದಿರಬೇಕೆಂದು ನಾವು ವಿವರಿಸಬೇಕಾಗಿಲ್ಲ. ತಿಂಗಳಿಗೆ 8 ರೂಪಾಯಿ ಸಂಬಳದ ಮಾಸ್ತರಿಕೆ ಅವರಿಗೆ ದೊರೆಯಿತು. ಕಲಿಸುತ್ತಲೇ ತಾವೂ ಕಲಿತು ಮೆಟ್ರಿಕ್ಯುಲೇಶನ್ ಮುಗಿಸಿದರು. ಬಳಿಕ ಪ್ಲೀಡರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ವಕೀಲರಾದರು. ಬಡವರ ವಕೀಲರೆಂದು ಬೇಗನೆ ಹೆಸರಾಯಿತು. ಉಳ್ಳಾಲ ರಘುನಾಥಯ್ಯನವರ ಸಹವಾಸದಿಂದ ಬ್ರಹ್ಮಸಮಾಜದ ವಿಚಾರಗಳು ಅವರ ಮನಸ್ಸಿನಲ್ಲಿ ನೆಲೆಯೂರಿದವು.

ಅವರ ಬಾಳನ್ನು ತಿರುಗಿಸಿದ ಘಟನೆ ನ್ಯಾಯಾಲಯದಲ್ಲಿಯೇ ನಡೆಯಿತು. ಅಸ್ಪೃಶ್ಯರೆನಿಸಿದ್ದವರ ಪೈಕಿ ನಾಲ್ಕನೆಯ ತರಗತಿಯವರೆಗೆ ಓದಿದ್ದ ಬೆಂದೂರು ಬಾಬು ಎಂಬವರಿಗೆ ಕೋರ್ಟಿನಲ್ಲಿ ಜವಾನನ ಕೆಲಸ ದೊರೆತಾಗ ಮೇಲ್ಜಾತಿಯವರು ಅದನ್ನು ಸಹಿಸದೆ ಗದ್ದಲವೆಬ್ಬಿಸಿದರು. ಓದಿದವನೊಬ್ಬನೇ ಆದರೆ ಅವನನ್ನು ಹೊರಗಟ್ಟುವುದು ಸುಲಭ, ಓದಿದವರು ನೂರಾರು ಮಂದಿಯಾದರೆ ಅದು ಸಾಧ್ಯವಿಲ್ಲ ಎಂಬುದನ್ನು ರಂಗರಾಯರು ಮನಗಂಡರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಬಾಡಿಗೆಯ ಮನೆಯೊಂದನ್ನು ಹಿಡಿದು ಆ ಮಕ್ಕಳಿಗಾಗಿ ಶಾಲೆಯನ್ನು ತೆರೆದರು.

ಬಾಗಿಲು ತೆರೆದ ಮಾತ್ರಕ್ಕೆ ಶಾಲೆ ತುಂಬಲಿಲ್ಲ. ಊರಿನ ವಿರೋಧವಂತೂ ಇದ್ದೇ ಇತ್ತು. ಅದರೊಡನೆ ಇನ್ನೊಂದು ತೊಡಕು ಆ ಮಕ್ಕಳ ಮನೆಯೊಳಗೇ ಇತ್ತು. ದನ ಕಾಯುವ, ಸೊಪ್ಪು ಸೌದೆ ತರುವ ಮಗು ಬಡವರ ಮನೆಯ ಅರ್ಧ ಗಂಜಿಯನ್ನು ತಾನೇ ದುಡಿದು ತರುತ್ತದೆ. ಅದು ಸ್ಲೇಟು ಹಿಡಿದು ಕುಳಿತರೆ ಆ ದಿನದ ಒಲೆಗೆ ಕೊರತೆ ಬೀಳುತ್ತದೆ. ವಿದ್ಯೆಯ ಮಹಿಮೆಯನ್ನು ಎಷ್ಟು ಬೋಧಿಸಿದರೂ ಆ ಕೊರತೆ ತುಂಬುವುದಿಲ್ಲ. ಇದನ್ನರಿತ ರಂಗರಾಯರು ಶಾಲೆಗೆ ಬಂದ ಪ್ರತಿಯೊಂದು ಮಗುವಿಗೂ ದಿನಕ್ಕೆ ಎರಡು ಪೈಸೆಯಂತೆ ಕೊಡತೊಡಗಿದರು. ಮಧ್ಯಾಹ್ನದ ಊಟಕ್ಕೂ ಏರ್ಪಾಟು ಮಾಡಿದರು.

ಲೆಕ್ಕ ಬರೆಯುವ ಗುಮಾಸ್ತರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ಅವರು ಇದನ್ನು ಲೆಕ್ಕ ಹಾಕಿ ನೋಡಲಿ. ಆಗಿನ ರೂಪಾಯಿಗೆ 64 ಪೈಸೆ. 32 ಮಕ್ಕಳು ಬಂದರೆ ದಿನಕ್ಕೆ ಒಂದು ರೂಪಾಯಿ. 25 ದಿನ ಶಾಲೆ ನಡೆದರೆ ತಿಂಗಳಿಗೆ 25 ರೂಪಾಯಿ. ಒಮ್ಮೆ 8 ರೂಪಾಯಿಯಲ್ಲಿ ತಿಂಗಳು ನೂಕಿದ ಮಾಸ್ತರರಿಗೆ 25 ರೂಪಾಯಿಯ ಭಾರ ಎಷ್ಟೆಂಬುದು ಚೆನ್ನಾಗಿ ತಿಳಿದಿತ್ತು. ಆದರೆ ಒಂದೊಂದು ಮನೆಗೆ ಸಲ್ಲುತ್ತಿದ್ದುದು ದಿನಕ್ಕೆ ಅರ್ಧಾಣೆ ಮಾತ್ರ. ಆ ಅರ್ಧಾಣೆ ತಾಯಿಯ ಕೈ ಸೇರಿದ ದಿನ ಮಗುವಿನ ಹೆಸರು ಹಾಜರಿ ಪಟ್ಟಿಯಲ್ಲಿ ಉಳಿಯುತ್ತಿತ್ತು. ಅಲ್ಪ ಸಹಾಯದ ಗುಟ್ಟು ಇಲ್ಲಿದೆ. ಮೊತ್ತ ಚಿಕ್ಕದು, ಆದರೆ ನೆರವಿನ ಅಗತ್ಯವೆಲ್ಲಿದೆಯೆಂಬುದನ್ನು ಹತ್ತಿರದಿಂದ ಕಂಡವರು ಅದನ್ನು ಅಲ್ಲಿಗೇ ಮುಟ್ಟಿಸಿದರು.

ಸರ್ಕಾರದ ಸಹಾಯವಿರಲಿಲ್ಲವೇ ಎಂದು ಕೇಳಬಹುದು. ಆಗ ಮಂಗಳೂರೂ ನಮ್ಮ ಈ ಬೆಜವಾಡೆಯೂ ಒಂದೇ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಪಂಚಮರ ವಿದ್ಯಾಭ್ಯಾಸಕ್ಕೆ ವಿಶೇಷ ಪ್ರೋತ್ಸಾಹವನ್ನೀಯುವ ಆಜ್ಞೆಯನ್ನು ಆ ಸರ್ಕಾರ 1893ರಲ್ಲಿ, ಅಂದರೆ ಚಿಲಿಂಬಿಯ ಶಾಲೆ ಆರಂಭವಾದ ಮರುವರ್ಷ, ಹೊರಡಿಸಿತು. ಆದರೆ ಅನುದಾನವೆಂಬುದು ನಡೆಯುತ್ತಿರುವ ಶಾಲೆಗೆ ಸಲ್ಲುವಂಥದು. ಮೊದಲು ಮನೆ ಹಿಡಿಯಬೇಕು, ಮಾಸ್ತರರನ್ನು ನೇಮಿಸಬೇಕು, ಹಾಜರಿ ತೋರಿಸಬೇಕು, ತನಿಖೆಗೆ ಒಳಪಡಬೇಕು. ಹಣ ಬರುವುದು ಆಮೇಲೆ. ಆ ಮೊದಲ ಹೆಜ್ಜೆಯ ಖರ್ಚನ್ನು ಯಾರಾದರೊಬ್ಬರು ತಮ್ಮ ಕೈಯಿಂದ ಹೊರದಿದ್ದರೆ ಸರ್ಕಾರದ ಔದಾರ್ಯ ಕಾಗದದಲ್ಲಿಯೇ ಉಳಿಯುತ್ತದೆ. ಮಂಗಳೂರಿನಲ್ಲಿ ಆ ಭಾರಕ್ಕೆ ರಂಗರಾಯರು ಹೆಗಲು ಕೊಟ್ಟರು.

ಅದಕ್ಕಾಗಿ ಅವರು ತೆತ್ತ ಬೆಲೆ ಹಣವಷ್ಟೇ ಅಲ್ಲ. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಅವರ ಮನೆಗೆ ಕ್ಷೌರಿಕರೂ ಬಾರದಂತಾಯಿತೆಂದು ಊರಿನಲ್ಲಿ ಇಂದಿಗೂ ಹೇಳುತ್ತಾರೆ. ಪತ್ನಿ ರುಕ್ಮಿಣಿಯವರು ಜತೆಗೆ ನಿಂತುದರಿಂದ ಮನೆಯೊಳಗಿನ ಧೈರ್ಯ ಕುಂದಲಿಲ್ಲ. 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಇಂಥದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಆರಂಭಿಸಿದ್ದು 1906ರಲ್ಲಿ. ಅದಕ್ಕಿಂತ ಒಂಬತ್ತು ವರ್ಷ ಮೊದಲೇ ಮಂಗಳೂರು ಈ ಹಾದಿ ತುಳಿದಿತ್ತು. ಒಂದು ಶಾಲೆ ಹಲವಾಯಿತು. ಕೈಕಸುಬಿನ ತರಬೇತಿ ಸೇರಿತು. ನೆಲವಿಲ್ಲದ ಕುಟುಂಬಗಳಿಗೆ ಮನೆ ನಿವೇಶನಗಳನ್ನು ದೊರಕಿಸುವ ಕಾರ್ಯವೂ ನಡೆಯಿತು. ಎರಡು ಪೈಸೆಯಿಂದ ಎಲ್ಲವೂ ಆಗದು, ನಿಲ್ಲಲು ನೆಲವೂ ಬೇಕೆಂಬುದನ್ನು ಅವರು ಮರೆತವರಲ್ಲ.

ಈ ಆಂಧ್ರದೇಶದಲ್ಲಿ ಅದೇ ಕಾಲದಲ್ಲಿ ಕಂದುಕೂರಿ ವೀರೇಶಲಿಂಗಂ ಪಂತುಲು ಅವರು ರಾಜಮಹೇಂದ್ರಿಯಲ್ಲಿ ವಿಧವಾ ವಿವಾಹಕ್ಕಾಗಿ ಹೋರಾಡುತ್ತಿದ್ದರು. 1881ರಲ್ಲಿ ಅಲ್ಲಿ ಮೊದಲ ವಿವಾಹ ನಡೆಯಿತು. ಕಾಕಿನಾಡದ ವರ್ತಕರಾದ ಪೈಡಾ ರಾಮಕೃಷ್ಣಯ್ಯನವರು ಅವರಿಗೆ ಧನಸಹಾಯವಿತ್ತರು. ಉದಾರಿಯಾದ ವರ್ತಕನೊಬ್ಬನ ನೆರವೂ ಬೇಕು, ಅರ್ಧಾಣೆಯೂ ಬೇಕು. ಆದರೆ ಎರಡಕ್ಕೂ ಮೊದಲು, ನಿಂದೆಯನ್ನು ಹೊತ್ತು ನಡುಬೀದಿಯಲ್ಲಿ ನಿಲ್ಲುವ ಒಬ್ಬ ಮನುಷ್ಯ ಬೇಕು.

ರಂಗರಾಯರು ಮನೆಯ ಹೊರಗೆ ಹೇಳಿದ್ದನ್ನು ಮನೆಯೊಳಗೂ ನಡೆಸಿದರು. ಅವರ ಮಗಳು ರಾಧಾಬಾಯಿಯವರು ಅನ್ಯಜಾತಿಯ ಡಾ. ಪಿ. ಸುಬ್ಬರಾಯನ್ ಅವರನ್ನು ವಿವಾಹವಾದರು. 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಮಹಿಳೆಯರ ಪರವಾಗಿ ಕುಳಿತರು. ಸುಬ್ಬರಾಯನ್ ಅವರು ಮದರಾಸಿನ ಪ್ರಧಾನ ಮಂತ್ರಿಗಳಾದರು. ಅವರ ಮಗ ಕುಮಾರಮಂಗಲಂ ಅವರು 1966ರಲ್ಲಿ ಭಾರತದ ಭೂಸೇನೆಯ ಮುಖ್ಯಸ್ಥರಾದರು.

ಕೊನೆಗಾಲದಲ್ಲಿ ರಂಗರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿಕೊಂಡರು. 1928ನೆಯ ಜನವರಿ 30ರಂದು ನಿಧನರಾದರು. ಬೀದಿ ಗುಡಿಸುವ ಸಮುದಾಯದವರೇ ತಮ್ಮ ಅಂತ್ಯಕ್ರಿಯೆಯನ್ನು ನಡೆಸಬೇಕೆಂಬುದು ಅವರ ಕಡೆಯ ಇಚ್ಛೆಯಾಗಿತ್ತು. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಮೋಟಾರಿನಲ್ಲಿ ಹಾದುಹೋಗುವಾಗ ಏಳುವ ಧೂಳು ತಮ್ಮ ತಲೆಗೆ ತಾಕಿದರೆ ಜನ್ಮ ಸಾರ್ಥಕವೆಂದು ಅವರು ಆಶಿಸಿದ್ದರು. ಮಂಗಳೂರಿನ ನಂದಿಗುಡ್ಡೆಯಲ್ಲಿ ಅವರ ಸಮಾಧಿಯಿದೆ. ಅಲ್ಲಿನ ಪುರಭವನ ಅವರ ಹೆಸರನ್ನು ಹೊತ್ತಿದೆ. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅವರ ಕಾರ್ಯವನ್ನು ಮನಸಾರೆ ಕೊಂಡಾಡಿದರು.

ಈಗ ನಮ್ಮ ಮಾತಿಗೆ ಬರೋಣ. ಹದಿನಾಲ್ಕು ತುಂಬದ ಮಗುವನ್ನು ದುಡಿಮೆಗೆ ಇಟ್ಟುಕೊಳ್ಳುವುದು ಇಂದು ಅಪರಾಧ. ಆದರೂ ಊರಿನಲ್ಲಿ ಸಂಪಾದಿಸುವ ಕೈ ಇಲ್ಲವಾದಾಗ ಶಾಲೆ ಬಿಟ್ಟು ಬಸ್ಸು ಹತ್ತುವ ಹುಡುಗರ ಸಂಗತಿ ನಮಗಾರಿಗೂ ಹೊಸದಲ್ಲ; ನಮ್ಮಲ್ಲಿ ಕೆಲವರು ಹಾಗೆಯೇ ಬಂದವರು. ಅಂಥ ಹುಡುಗನನ್ನು ತಡೆದು ನಿಲ್ಲಿಸಲು ಬೇಕಾದುದು ಹಲವು ಸಲ ಒಂದು ಬಸ್ ಪಾಸು, ಒಂದು ಜತೆ ಬಟ್ಟೆ, ಎರಡು ತಿಂಗಳ ಅಕ್ಕಿ. ಅದು ಯಾರಿಗೆ ಬೇಕಾಗಿದೆಯೆಂಬುದು ಊರಿನ ಮಾಸ್ತರರಿಗೂ ಅಲ್ಲಿನ ಸಣ್ಣ ಸೇವಾಸಂಘದವರಿಗೂ ಗೊತ್ತಿರುತ್ತದೆ, ಇಲ್ಲದಿರುವುದು ಹಣ. ಒಂದು ಹೊಟೇಲಿನಲ್ಲಿ ಹತ್ತು ಮಂದಿ ಸೇರಿ ತಿಂಗಳಿಗಿಷ್ಟೆಂದು ತೆಗೆದಿಟ್ಟು, ತಾವು ಬಲ್ಲವರ ಕೈಗೆ ತಪ್ಪದೆ ಮುಟ್ಟಿಸಿ, ಲೆಕ್ಕವನ್ನೂ ಸಂಕೋಚವಿಲ್ಲದೆ ಕೇಳಿ ಪಡೆದರೆ ಆ ಕೆಲಸ ನಡೆಯುತ್ತದೆ. ರಂಗರಾಯರ ಎರಡು ಪೈಸೆ ಇಂದು ಚಲಾವಣೆಯಲ್ಲಿಲ್ಲ. ಆದರೆ ಅದು ಮಾಡಿದ ಕೆಲಸ ಇನ್ನೂ ಮುಗಿದಿಲ್ಲವೆಂಬುದನ್ನು ನಾವು ಮರೆಯದಿರೋಣ.