ಪಾಳುಮನೆಯಲ್ಲಿ ಸಿಕ್ಕ ಸಂಗೀತ: ಫ್ಲಾರೆನ್ಸ್ ಪ್ರೈಸ್ ನಿಜಕ್ಕೂ ಕಳೆದುಹೋಗಿದ್ದರಾ?

2009ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸೇಂಟ್ ಆ್ಯನ್ ಅನ್ನೋ ಸಣ್ಣ ಊರಲ್ಲಿ ದಂಪತಿಯೊಬ್ಬರು ಪಾಳುಬಿದ್ದ ಮನೆಯೊಂದನ್ನು ರಿಪೇರಿ ಮಾಡಿಸಲು ಹೊರಟರು. ಮರ ಬಿದ್ದು ಸೂರು ತೂತಾಗಿತ್ತು. ನೆನೆಯದೆ ಉಳಿದ ಒಂದು ಭಾಗದಲ್ಲಿ ಕೈಬರಹದ ಸಂಗೀತದ ಹಾಳೆಗಳು ರಾಶಿ ಬಿದ್ದಿದ್ದವು. ಅವುಗಳ ಮೇಲಿದ್ದ ಹೆಸರು ಫ್ಲಾರೆನ್ಸ್ ಪ್ರೈಸ್. ಆಕೆ ತೀರಿಕೊಂಡು ಆಗಲೇ 56 ವರ್ಷವಾಗಿತ್ತು.

ಫ್ಲಾರೆನ್ಸ್ ಹುಟ್ಟಿದ್ದು 1887ರಲ್ಲಿ, ಅರ್ಕಾನ್ಸಾದ ಲಿಟಲ್ ರಾಕ್‌ನಲ್ಲಿ. ಅಪ್ಪ ದಂತವೈದ್ಯ, ಅಮ್ಮ ಸಂಗೀತ ಟೀಚರ್. ಕಪ್ಪು ಕುಟುಂಬ. ಬಾಸ್ಟನ್ನಿನ ಸಂಗೀತ ಶಾಲೆಗೆ ಸೇರುವಾಗ ಮಗಳ ಊರು ಮೆಕ್ಸಿಕೋದಲ್ಲಿದೆ ಅಂತ ಬರೆಸಲಾಯಿತು. ಯಾಕೆ ಅಂತ ನಮ್ಮಲ್ಲಿ ಜಾತಿ ಕೇಳ್ತಾರೆ ಅಂತ ಅಡ್ಡಹೆಸರು ಬಿಟ್ಟವರಿಗೆ ವಿವರಿಸಬೇಕಿಲ್ಲ.

1927ರಲ್ಲಿ ಲಿಟಲ್ ರಾಕ್‌ನಲ್ಲಿ ಜಾನ್ ಕಾರ್ಟರ್ ಎಂಬ ಕಪ್ಪು ವ್ಯಕ್ತಿಯನ್ನು ಬಿಳಿಯರ ಗುಂಪು ಕೊಂದು, ಹೆಣವನ್ನು ಬೀದಿಯಲ್ಲಿ ಎಳೆದಾಡಿ ಸುಟ್ಟಿತು. ಅದೇ ವರ್ಷ ಪ್ರೈಸ್ ಕುಟುಂಬ ಶಿಕಾಗೋಗೆ ಗುಳೆ ಹೋಯಿತು. ಅಲ್ಲಿ ಮದುವೆ ಮುರಿಯಿತು. ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಮೂಕಿಚಿತ್ರಗಳಿಗೆ ಆರ್ಗನ್ ನುಡಿಸಿದರು, ಬೇರೆ ಹೆಸರಲ್ಲಿ ಜನಪ್ರಿಯ ಹಾಡು ಬರೆದರು. ಕಾಲು ಮುರಿದು ಮಲಗಿದಾಗಲೇ ನೆಮ್ಮದಿಯಾಗಿ ಸಿಂಫನಿ ಬರೆಯೋಕೆ ಪುರುಸೊತ್ತು ಸಿಕ್ಕಿದ್ದು! ಅದಕ್ಕೆ 1932ರಲ್ಲಿ 500 ಡಾಲರ್ ಬಹುಮಾನ ಬಂತು. 1933ರ ಜೂನ್ 15ರಂದು ಶಿಕಾಗೋ ಸಿಂಫನಿ ಆರ್ಕೆಸ್ಟ್ರಾ ಅದನ್ನು ನುಡಿಸಿತು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾವೊಂದು ಕಪ್ಪು ಹೆಣ್ಣಿನ ಸಿಂಫನಿ ನುಡಿಸಿದ್ದು ಅದೇ ಮೊದಲು.

ಆಮೇಲೆ ಬಾಗಿಲುಗಳು ಮತ್ತೆ ಮುಚ್ಚಿಕೊಂಡವು. 1943ರಲ್ಲಿ ಬಾಸ್ಟನ್ನಿನ ಹೆಸರಾಂತ ಕಂಡಕ್ಟರ್ ಕುಸೆವಿಟ್ಸ್ಕಿಗೆ ಪತ್ರ ಬರೆದು, ತಾನು ಹೆಣ್ಣು, ಜೊತೆಗೆ ಕಪ್ಪು ರಕ್ತದವಳು, ಅದನ್ನು ಬದಿಗಿಟ್ಟು ಸಂಗೀತ ನೋಡಿ ಅಂತ ಕೇಳಿಕೊಂಡರು. ಆತ ಇವರ ಒಂದು ಕೃತಿಯನ್ನೂ ನುಡಿಸಲಿಲ್ಲ. 1953ರಲ್ಲಿ ಪ್ರೈಸ್ ತೀರಿಕೊಂಡರು.

ಈಗ ಕೇಳೋಕೆ ಒಳ್ಳೆಯ ದಾರಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾದ 2021ರ ರೆಕಾರ್ಡಿಂಗ್. ಒಂದನೇ ಮತ್ತು ಮೂರನೇ ಸಿಂಫನಿಗಳಿವೆ. 2022ರಲ್ಲಿ ಗ್ರ್ಯಾಮಿ ಬಂತು. ಮೊದಲ ಸಿಂಫನಿಯ ಎರಡನೇ ಭಾಗದಲ್ಲಿ ಕಹಳೆಗಳೆಲ್ಲ ಸೇರಿ ಚರ್ಚಿನ ಹಾಡಿನಂತೆ ನಿಧಾನಕ್ಕೆ ಮೊಳಗುತ್ತವೆ. ಮೂರನೆಯದು ಜೂಬಾ. ದಂಗೆಗೆ ಸಂದೇಶ ಹೋಗುತ್ತೆ ಅಂತ ಒಡೆಯರು ನಗಾರಿ ಕಿತ್ತುಕೊಂಡಾಗ, ಗುಲಾಮರು ತೊಡೆ ತಟ್ಟಿ, ಎದೆ ಬಡಿದು, ಕಾಲು ಕುಟ್ಟಿ ಕುಣಿದ ಕುಣಿತ. ಅದನ್ನು ಪ್ರೈಸ್ ಪಿಟೀಲುಗಳ ಕೈಗೆ ಕೊಟ್ಟರು. ಇದು ಡ್ವೊರಾಕ್‌ನ ನೆರಳು ಅಂತ ಮೂಗು ಮುರಿಯುವವರಿದ್ದಾರೆ. ಆ ಡ್ವೊರಾಕ್ ಅಮೆರಿಕಕ್ಕೆ ಬಂದು ಕಿವಿಗೊಟ್ಟಿದ್ದು ಯಾರ ಹಾಡಿಗೆ? ಕಪ್ಪು ಜನರ ಹಾಡಿಗೇ ಅಲ್ವಾ?

ಪ್ರೈಸ್ ಕಳೆದುಹೋಗಿದ್ದರು ಅನ್ನೋದೂ ಅರ್ಧ ಸುಳ್ಳು. ಪಾಳುಮನೆಯ ಹಾಳೆಗಳು ಕಣ್ಮರೆಯಾಗಿದ್ದವು, ನಿಜ. ಆದರೆ ಕಪ್ಪು ಗಾಯಕರು ಅವರ ಹಾಡುಗಳನ್ನು ಬಿಟ್ಟಿರಲಿಲ್ಲ. 1939ರಲ್ಲಿ ಬಣ್ಣದ ಕಾರಣಕ್ಕೆ ವಾಷಿಂಗ್ಟನ್ನಿನ ಸಭಾಂಗಣ ಸಿಗದ ಮರಿಯನ್ ಆ್ಯಂಡರ್ಸನ್, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಸುಮಾರು 75,000 ಜನರೆದುರು ಹಾಡಿದರು. ಅಲ್ಲಿ ಪ್ರೈಸ್ ಅಣಿಗೊಳಿಸಿದ ಒಂದು ಭಕ್ತಿಗೀತೆಯೂ ಇತ್ತು. ಅವತ್ತು ಏಪ್ರಿಲ್ 9, ಪ್ರೈಸ್ ಅವರ 52ನೇ ಹುಟ್ಟುಹಬ್ಬ.